ಟಾಕಿಯ ಹೆಪ್ಪು

ಹಬ್ಬ ಬಂತೆಂದರೆ ನಮ್ಮ ಅತ್ತೆ ಕಳಕವ್ವನ ಕಣ್ಣಿಗೆ ಬಿದ್ದದ್ದೆಲ್ಲ ಬೆಳ್ಳಗಾಗಬೇಕು. ಈ ಸಲ ಮಾನೌಮಿಗೆ ಅವರು ಹೊಲಸು ನೀರು ಶುದ್ಧ ಮಾಡುವ ನನ್ನ ಟಾಕಿಯನ್ನೇ ತೊಳೆದುಬಿಟ್ಟರು. ರಾಡಿಯನ್ನೆಲ್ಲ ಹೊರಗೆ ಚೆಲ್ಲಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಮೇಲೆ ವಿಭೂತಿಯನ್ನೂ ಎಳೆದಿದ್ದರು. ಗದಗಿನಿಂದ ಬಂದು ಬಸ್ಸಿಳಿದವಳು ನೋಡುತ್ತೇನೆ, ಟಾಕಿ ಫಳಫಳ ಹೊಳೆಯುತ್ತಿದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಆದರೂ ಮೊದಲು ಟಾಕಿಯ ವಿಷಯ ಹೇಳುತ್ತೇನೆ. ಮದುವೆಗೆ ಮುಂಚೆ ನಾನು ಗುಜರಾತಿನ ಎಣ್ಣೆಬಾವಿಗಳ ಕಡೆ ಕೆಲಸದಲ್ಲಿದ್ದೆ. ಅಲ್ಲಿ ನೆಲದೊಳಗಿಂದ ಎಣ್ಣೆಯ ಜೊತೆ ಹೊಲಸು ನೀರೂ ಬರುತ್ತದೆ. ತೇಲುವ ಎಣ್ಣೆಯನ್ನು ಬಳಿದು ತೆಗೆದು, ನೀರಿನಲ್ಲೇ ಉಳಿದ ಅಂಶವನ್ನು ಕಣ್ಣಿಗೆ ಕಾಣದ ಹುಳಗಳಿಗೆ ತಿನ್ನಿಸಿ, ಆ ನೀರನ್ನು ಮತ್ತೆ ಬಾವಿಯ ಕೆಲಸಕ್ಕೇ ಬಳಸುತ್ತಿದ್ದೆವು. ರೋಣದಲ್ಲಿ ನಮ್ಮದು ಲಾರಿ, ಡೀಸೆಲ್ ಟ್ಯಾಂಕರ್ ತೊಳೆಯುವ ವಾಟರ್ ಸರ್ವಿಸ್. ಎಣ್ಣೆನೀರನ್ನು ಗಟಾರಕ್ಕೆ ಬಿಡುತ್ತೀರೆಂದು ನೋಟಿಸ್ ಬಂದಾಗ ಅದೇ ವಿದ್ಯೆಯನ್ನು ಇಲ್ಲಿಗೆ ಇಳಿಸಿದೆ. ಟಾಕಿಯ ಕಂದು ರಾಡಿಯಲ್ಲಿ ಹುಳಗಳ ಸಂಸಾರ, ತಳದಿಂದ ಗಾಳಿ, ಆಮೇಲೆ ಉಸುಕಿನಲ್ಲಿ ಸೋಸುವುದು. ತೊಳೆದ ನೀರಿನಿಂದಲೇ ಮತ್ತೆ ತೊಳೆಯುತ್ತಿದ್ದೆವು. ಇನ್ನು ನೋಟಿಸ್ ಕೊಟ್ಟ ಸಾಹೇಬರು ಬಂದು ನೀರು ನೋಡುವುದೊಂದೇ ಬಾಕಿ. ಅವರು ಒಪ್ಪದಿದ್ದರೆ ಗೇಟಿಗೆ ಬೀಗ.

"ಏನ್ ಮಾಡಿದ್ರಿ ಅತ್ತಿ?"

"ಹೊಲಸ ನಾರತಿತ್ತವಾ. ಸಾಹೇಬ್ರ ಬಂದ್ರ ಏನಂದಾರು?"

"ಅದು ಹೊಲಸಲ್ರಿ, ಹೆಪ್ಪ ಇದ್ದಂಗ. ಹೆಪ್ಪಿನ ಗಡಗಿನ ತೊಳದಿಟ್ಟೀರಿ. ಇನ್ನ ಹಾಲ ಹಾಕಿದ್ರ ಮಸರ ಹ್ಯಾಂಗ ಆಗಬೇಕು?" ಓಣಿಗೆಲ್ಲ ಕೇಳುವಂತೆ ಕೂಗಾಡಿದೆ.

ಅತ್ತೆಯ ಮುಖ ಸಣ್ಣದಾಯಿತು. ಅವರ ಮನೆಯಲ್ಲಿ ಹೆಪ್ಪು ತೀರಿದ್ದೇ ಇಲ್ಲ. ಇನ್ನೊಬ್ಬರ ಬಾಗಿಲಿಗೆ ಬಟ್ಟಲು ಹಿಡಿದು ಹೋಗುವುದೆಂದರೆ ಅವರಿಗೆ ಮಾನ ಹೋದಂತೆ.

"ಮತ್ತ ಬೆಳಸಾಕ ಬರಾಂಗಿಲ್ಲೇನ?"

"ತಿಂಗಳ ಹಿಡಿತೈತ್ರಿ. ಸಾಹೇಬ್ರು ನಾಡದ್ದ ಬರ್ತಾರ."

"ಯಾರ ಕಡೆ ಸಿಗತೈತಿ ಹೇಳು."

ಹೇಳಲೋ ಬೇಡವೋ ಎಂದು ಒದ್ದಾಡಿ ಹೇಳಿಯೇಬಿಟ್ಟೆ. ನರಗುಂದದ ನೀಲಗಂಗವ್ವ, ನಮ್ಮ ಮಾವನ ತಮ್ಮನ ಹೆಂಡತಿ. ಅವರದೂ ವಾಟರ್ ಸರ್ವಿಸ್. ಹೋದ ವರ್ಷ ನಾನೇ ಗುಟ್ಟಾಗಿ ಒಂದು ಬ್ಯಾರಲ್ ರಾಡಿ ಕಳಿಸಿದ್ದೆ. ಗುಟ್ಟು ಏಕೆಂದರೆ, ಇಬ್ಬರೂ ಅಕ್ಕಪಕ್ಕ ಇದ್ದಾಗ ಒಂದು ಸಂಜೆ ಮನೆ ತುಂಬ ಬೀಗರಿದ್ದಾರೆಂದು ನೀಲಗಂಗವ್ವ ಹೆಪ್ಪು ಕೇಳಲು ಬಂದಿದ್ದರಂತೆ. ದೀಪ ಹಚ್ಚಿದ ಮೇಲೆ ಹೆಪ್ಪು ಮನೆಯಿಂದ ಹೊರಗೆ ಹೋಗಬಾರದೆಂದು ಅತ್ತೆ ಬರಿಗೈಯಲ್ಲಿ ಕಳಿಸಿದರು. ಅಂದಿನಿಂದ ಮಾತು ಬಂದ್.

ಅತ್ತೆ ಸೆರಗು ಸರಿಮಾಡಿಕೊಂಡು ನಮ್ಮ ನೀರಿನ ಟ್ಯಾಂಕರ್ ಹತ್ತಿ ಕೂತರು. ಡ್ರೈವರ್ ಅಲ್ಲಾಸಾಬ ಗಾಡಿ ಚಾಲೂ ಮಾಡುವಷ್ಟರಲ್ಲಿ ನಾನೂ ಹತ್ತಿದೆ. ನರಗುಂದ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ, ನೀಲಗಂಗವ್ವನ ದೇವರ ಜಗಲಿಯಲ್ಲಿ ದೀಪ ಉರಿಯುತ್ತಿತ್ತು. ನನ್ನ ಹಣೆಬರಹ.

"ನೀಲಾ, ಹೆಪ್ಪ ಕೇಳಾಕ ಬಂದೀನಿ," ಎಂದರು ಅತ್ತೆ, ಹೊಸ್ತಿಲಾಚೆಯೇ ನಿಂತು. ಟಾಕಿ ತೊಳೆದದ್ದನ್ನೂ ಒಂದಕ್ಷರ ಮುಚ್ಚಿಡದೆ ಹೇಳಿದರು.

ನೀಲಗಂಗವ್ವ ಒಮ್ಮೆ ಟ್ಯಾಂಕರ್ ನೋಡಿದರು, ಒಮ್ಮೆ ನನ್ನನ್ನು. "ದೀಪಾ ಹಚ್ಚೇನಲ್ಲ ಅಕ್ಕಾ."

"ಖರೇ ಐತಿ. ಹಂಗಾರ ಬೆಳಗಾಗೂತನಾ ಇಲ್ಲೇ ಕುಂದರ್ತೀನಿ."

ಅತ್ತೆ ಕಟ್ಟೆಯ ಮೇಲೆ ಕೂತೇಬಿಟ್ಟರು. ವಾದವಿಲ್ಲ, ಅಳುವಿಲ್ಲ. ನನಗೇ ಕಣ್ಣು ತುಂಬಿ ಬಂತು, ಅಷ್ಟು ಕೂಗಾಡಬಾರದಿತ್ತು.

ನೀಲಗಂಗವ್ವ ಒಳಗೆ ಹೋದರು. ಹೊರಗೆ ಬಂದಾಗ ಅವರ ಹಿಂದೆ ಜಗಲಿ ಕತ್ತಲಾಗಿತ್ತು.

"ದೀಪಾ ಶಾಂತ ಮಾಡೇನಿ. ಲಗೂ ತುಂಬ್ಕೋರಿ, ಮತ್ತ ಹಚ್ಚಬೇಕು."

ಅದೇ ರಾತ್ರಿ ಬ್ಲೀಚಿಂಗ್ ಹೋಗುವಂತೆ ಟಾಕಿಯನ್ನು ಬರೀ ನೀರಿನಲ್ಲಿ ತೊಳೆದು, ತಂದ ರಾಡಿ ಸುರಿದು ಗಾಳಿ ಬಿಟ್ಟೆವು. ಮೂರನೆಯ ದಿನ ಸಾಹೇಬರು ಬಂದರು. ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು, ಮೂಸಿದರು, ತಮ್ಮ ಪೆಟ್ಟಿಗೆಯ ಔಷಧ ಹಾಕಿ ನೋಡಿದರು. ಕೊನೆಗೆ ನಡೆಸಿರಿ ಎಂದು ಹೇಳಿ ಜೀಪು ಹತ್ತಿದರು. ನಾನು ಕುಣಿಯುತ್ತ ಅತ್ತೆಗೆ ಹೇಳಲು ಓಡಿದೆ. ಅವರು ಕೈಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು.

"ಎಲ್ಲಿಗ್ರಿ?"

"ನರಗುಂದಕ್ಕ."

"ಹಬ್ಬಾ ಬಿಟ್ಟು?"

"ನೀ ಅದೀಯಲ್ಲ, ನೋಡ್ಕೋ. ಆಕೀ ಕೂಡ ಮಾತಾಡೂದು ಭಾಳ ಉಳದೈತಿ."