ಹಕ್ಕಿ ತಟ್ಟಿಯ ಹಿಂದೆ ಕೊಟ್ಟ ಮಾತು

ಮೊದಲು ಒಂದು ಮಾತು. ಲಕ್ಷ್ಮಯ್ಯ ತಾತನಿಗೆ ನೆನಪು ಕೆಟ್ಟಿದೆ, ಒಂದಕ್ಕೊಂದು ಸೇರಿಸಿ ಹೇಳುತ್ತಾನೆ ಅಂತ ನನ್ನ ಬಗ್ಗೆ ನಮ್ಮ ಫೋನ್ ಗ್ರೂಪಿನಲ್ಲಿ ಬರೆದವರು ಯಾರು ಅಂತ ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ನೀವು ನಿನ್ನೆ ಉಂಡದ್ದನ್ನು ಫೋನಿನಲ್ಲಿ ಫೋಟೊ ನೋಡಿ ಹೇಳುವ ಜನ. ನಾನು ನಾರಾಯಣಪೇಟೆಯಲ್ಲಿ ಅರ್ಧ ಆಯುಷ್ಯ ಮಗ್ಗದ ಮುಂದೆ, ಇನ್ನರ್ಧ ಸೀರೆ ಅಂಗಡಿಯಲ್ಲಿ ಕೂತವನು. ಯಾವ ಅಂಚಿನ ಸೀರೆ ಯಾರ ಮನೆಗೆ ಹೋಯಿತು ಕೇಳಿ, ಹೇಳುತ್ತೇನೆ. ಮುಖ ಮರೆಯುತ್ತೇನೆ, ಅದು ನಿಜ. ಸೀರೆ ಮರೆಯುವುದಿಲ್ಲ. ಗದ್ವಾಲದ ಪಾರ್ಕಿನಲ್ಲಿ ನನ್ನ ಮಾನ ಹೋದದ್ದು ನೆನಪು ಇಲ್ಲದ್ದಕ್ಕಲ್ಲ, ಇದ್ದದ್ದಕ್ಕೆ. ಅದಕ್ಕೇ ಸುಮ್ಮನೆ ಕೇಳಿ. ನಡುವೆ ನಗುವ ಮುಖದ ಚಿತ್ರ ಕಳಿಸಬೇಡಿ, ಅದನ್ನು ನೋಡಲು ಹೋಗಿ ನನ್ನ ಬೆರಳು ಜಾರಿ ರೆಕಾರ್ಡು ನಿಂತುಬಿಡುತ್ತದೆ.

ನನ್ನ ಮೊಮ್ಮಗಳು ರಜಿನಿ ಕಂಪ್ಯೂಟರಿನಲ್ಲಿ ಸೀರೆ ಅಂಚಿನ ಡಿಸೈನ್ ಮಾಡುತ್ತಾಳಲ್ಲ, ನಾರಾಯಣಪೇಟೆಯಲ್ಲೇ ಕೆಲಸ. ಅವಳು ಬಿಡಿಸಿದ ನವಿಲನ್ನು ನಾನು ಒಮ್ಮೆ ಬಾತುಕೋಳಿ ಅಂದು ಒಂದು ವಾರ ಮಾತು ಬಿಡಿಸಿಕೊಂಡಿದ್ದೆ. ಅವಳಿಗೆ ಗದ್ವಾಲದ ಬಾಲರಾಜ್ ಅನ್ನುವ ಹುಡುಗನ ಸಂಬಂಧ ಬಂತು. ಫೋನಿನಲ್ಲಿ ಇಬ್ಬರೂ ಮಾತಾಡಿಕೊಂಡಿದ್ದರು. ಅವಳಿಗೆ ಮನಸ್ಸಾಗಿತ್ತು, ಅವನ ಹೆಸರು ಬಂದರೆ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮಾಳಿಗೆ ಹತ್ತುತ್ತಿದ್ದಳು. ಆದರೆ ಒಂದು ಷರತ್ತು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ, ಬಸ್ಸಿಗಾದರೂ ಬಂದು ಮಾಡುತ್ತೇನೆ. ಇದನ್ನು ಹುಡುಗನ ಮುಖ ನೋಡಿ ತಾನೇ ಹೇಳಬೇಕು, ಸುತ್ತ ಹಿರಿಯರು ಕೂತು ಉಪ್ಪಿಟ್ಟು ತಿನ್ನುವಾಗ ಅಲ್ಲ. ಅದಕ್ಕೇ ಮನೆ ಬೇಡ, ಪಾರ್ಕು ಅಂದಳು.

ನಾನು, ನನ್ನ ಸೊಸೆ ಜೋಗಮ್ಮ, ರಜಿನಿ, ಮೂವರೂ ಬಸ್ ಹತ್ತಿದೆವು. ಮಕ್ತಲ್ ದಾಟಿದ ಮೇಲೆ ರಜಿನಿ ನನ್ನ ಕಡೆ ತಿರುಗಿದಳು.

"ತಾತಾ, ಕೆಲಸದ ಮಾತು ನಾನ ಎತ್ತತೀನಿ. ನೀ ಬಾಯಿ ತೆರೀಬ್ಯಾಡ."

"ನಾ ಯಾವಾಗ ತೆರೆದೀನವ್ವ?"

"ಮಾವಾರ, ಮೆಲ್ಲಕ ಮಾತಾಡ್ರಿ," ಅಂದಳು ಜೋಗಮ್ಮ. "ಯಾರೋ ನಿಲ್ಲಸು ಅಂದ್ರು ಅನ್ಕೊಂಡು ಡ್ರೈವರ್ ಬ್ರೇಕ್ ಹಾಕ್ಯಾನ."

ಏನು ಮಾಡಲಿ, ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು. ನಾನು ಪಿಸುಗುಟ್ಟಿದರೆ ಪಕ್ಕದ ಓಣಿಯವರು ಓ ಅನ್ನುತ್ತಾರೆ.

ಪಾರ್ಕು ಗದ್ವಾಲದ ಹೊರಗೆ, ಹೊಸ ಮನೆಗಳು ಮುಗಿಯುವಲ್ಲಿದೆ. ಜೋಕಾಲಿ, ಸಿಮೆಂಟಿನ ಜಿಂಕೆ, ಕಸರತ್ತಿನ ಕಬ್ಬಿಣದ ಯಂತ್ರಗಳು. ಒಂದರ ಮೇಲೆ ನಾನೂ ನಿಂತೆ. ಕಾಲು ಒಂದು ಕಡೆ ಹೋಯಿತು, ಧೋತರ ಇನ್ನೊಂದು ಕಡೆ. ಬಾಲರಾಜ್ ಬಂದದ್ದು ಸರಿಯಾಗಿ ಆಗಲೇ. ಒಳ್ಳೆಯ ಹುಡುಗ, ಬೇರೆ ಕಡೆ ನೋಡುತ್ತ ನಮಸ್ಕಾರ ಮಾಡಿದ.

"ಅವ್ವ ಆಟೋದಾಗ ಬರಾಕತ್ಯಾಳ್ರಿ," ಅಂದ.

ಜೋಗಮ್ಮ ಅವನ ತಾಯಿಗೆ ಕಾಯುತ್ತ ಗೇಟಿನ ಹತ್ತಿರ ನಿಂತಳು. ಹುಡುಗ ಹುಡುಗಿ ಮಾತಾಡುತ್ತ ನಡೆದರು. ನನ್ನ ದನಿ ಯಾರ ಕಿವಿಗೂ ಬೀಳದ ಜಾಗ ಬೇಕಿತ್ತು, ನನ್ನನ್ನು ಪಾರ್ಕಿನ ಹಿಂಭಾಗಕ್ಕೆ ಕಳಿಸಿದರು. ಅಲ್ಲಿ ತಂತಿಬೇಲಿ ಹಾಕಿ ಒಂದಿಷ್ಟು ಮುಳ್ಳುಗಿಡ, ಬೇವು, ಸಣ್ಣ ಹೊಂಡ ಬಿಟ್ಟಿದ್ದಾರೆ, ಹಕ್ಕಿಪಕ್ಷಿಗಳಿಗೆ. ಕಾಡು ಅಂತ ಬೋರ್ಡಿದೆ. ಹೊಂಡದ ಮುಂದೆ ಬಿದಿರಿನ ತಟ್ಟಿ ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ಸಂದಿ ಬಿಟ್ಟಿದ್ದಾರೆ. ತಟ್ಟಿಯ ಹಿಂದೆ ಬೆಂಚಿನಲ್ಲಿ ಕೂತು ಆ ಸಂದಿಯಿಂದ ನೋಡಬೇಕು. ಸದ್ದು ಮಾಡಬಾರದು ಅಂತ ತೆಲುಗಿನಲ್ಲಿ ದೊಡ್ಡದಾಗಿ ಬರೆದಿದೆ. ನನಗೆ ತೆಲುಗು ಚೆನ್ನಾಗಿ ಓದಲು ಬರುತ್ತದೆ.

ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಮುಖ ನೋಡಲಿಲ್ಲ, ಸೀರೆ ನೋಡಿದೆ. ಕಡುಗೆಂಪು ಚೌಕಡಿ, ಹಸಿರು ಅಂಚು, ಅಂಚಿನಲ್ಲಿ ಗೋಪುರದ ಸಾಲು. ನನ್ನ ಅಂಗಡಿಯದೇ. ಗದ್ವಾಲದಂಥ ಸೀರೆಯ ಊರಿನವರು ನಮ್ಮಲ್ಲಿಗೆ ಬಂದು ಸೀರೆ ಒಯ್ಯುವುದು ಅಪರೂಪ. ಒಯ್ದವರು ಬಾಲರಾಜನ ತಾಯಿ ಮಲ್ಲೇಶ್ವರಿ. ಆ ಸೀರೆ ಮಡಚಿ ಕೊಟ್ಟ ಕೈ ಇದು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನಮಸ್ಕಾರರಿ. ಹಿಂದಿನ ಗೇಟಿಂದ ಬಂದ್ರೇನು?"

"ಹೌದ್ರಿ," ಅಂದರು, ಸಂದಿಯಿಂದ ಕಣ್ಣು ತೆಗೆಯದೆ. "ಮೆಲ್ಲಕ. ನವಿಲು ಮರಿ ಕರಕೊಂಡು ನೀರಿಗಿ ಬಂದೈತಿ."

"ಮರಿ ಎಲ್ಲಿ ಹೋಗ್ತಾವ್ರಿ. ನಮ್ಮ ಹುಡುಗಿ ವಿಷಯ ಒಂದು ಹೇಳೋದಿತ್ತು."

"ಯಾವ ಹುಡುಗಿ?"

ಗಂಡಿನ ತಾಯಿಯ ಬಿಗುಮಾನ ಅಂದುಕೊಂಡೆ. ಎಲ್ಲಿ ಷರತ್ತಿನಿಂದ ಸಂಬಂಧ ತಪ್ಪುತ್ತದೋ ಅಂತ ಬೆಳಗಿನಿಂದ ನನಗೆ ಅದೇ ಯೋಚನೆ. ತಡೆಯಲಾಗಲಿಲ್ಲ.

"ನಮ್ಮ ರಜಿನಿರಿ. ಛಲೋ ಹುಡುಗಿ, ಸ್ವಲ್ಪ ಹಟ. ಕೆಲಸ ಬಿಡಂಗಿಲ್ಲ ಅಂತ ಏನರ ಅಂದ್ರ ನೀವು ಮನಸಿಗಿ ಹಚಗೋಬ್ಯಾಡ್ರಿ. ತಲಿ ಮ್ಯಾಲ ಅಕ್ಕಿಕಾಳು ಬಿದ್ದ ಮರುದಿನಾನ ನಾ ಬಿಡಸ್ತೀನಿ. ಇದು ನನ್ನ ಮಾತು."

ಪಿಸುಗುಟ್ಟಿಯೇ ಹೇಳಿದ್ದೆ. ಹೊಂಡದಲ್ಲಿ ಪಟಪಟ ಅಂದಿತು. ನವಿಲು, ಮರಿಗಳು, ಯಾವುದೋ ಕೊಕ್ಕರೆ, ಎಲ್ಲ ಮುಳ್ಳುಗಿಡ ಸೇರಿದವು. ಬೆಂಚಿನ ಪಕ್ಕದ ಬಿದಿರುಮೆಳೆಯ ಆಚೆಯಿಂದ ರಜಿನಿ ಬಂದಳು, ಹಿಂದೆ ಬಾಲರಾಜ್. ನಡೆಯುತ್ತ ಬಂದು ಅವರು ಕೂತದ್ದು ಆ ಮೆಳೆಯ ನೆರಳಿನ ಕಟ್ಟೆಯ ಮೇಲೆ.

"ತಾತಾ, ಯಾರಿಗಿ ಮಾತು ಕೊಡಾಕತ್ತಿ?"

"ನಿಮ್ಮ ಅತ್ತಿ ಆಗೋರಿಗಿ ಅವ್ವ."

"ಇವರು ನಮ್ಮವ್ವ ಅಲ್ಲರಿ," ಅಂದ ಬಾಲರಾಜ್.

"ನಾ ರಾಜೋಳಿ ಊರಾಕಿ, ಚನ್ನವೀರಮ್ಮ," ಅಂದರು ಆ ಹೆಂಗಸು. "ಮಗಳ ಮನಿಗಿ ಬಂದೀನಿ. ನನಗ ಇರೋವೆಲ್ಲ ಹೆಣ್ಣ. ನಿಮ್ಮ ಹುಡುಗೀನ್ನ ಎಲ್ಲಿ ಇಟಗೊಳ್ಳಲಿ?"

"ಮತ್ತ ಈ ಸೀರಿ?"

"ಮನಿ ಓಪನಿಂಗಿನಾಗ ಯಾರೋ ಉಡಿಸಿದ್ರು."

ಮುಯ್ಯಿ ಸೀರೆ. ಕೊಟ್ಟವರ ಮನೆಯಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಮತ್ತೊಬ್ಬರ ಮನೆಗೆ ಊರೂರು ತಿರುಗುವ ಸೀರೆ. ಅಂಥವನ್ನು ಮಾರಿಯೇ ಮನೆ ಕಟ್ಟಿದವನಿಗೆ ಅದು ಹೊಳೆಯಲಿಲ್ಲ.

ಅಲ್ಲಿಗೆ ನಗುವಾಗಿ ಮುಗಿಯಬೇಕಿತ್ತು. ಚನ್ನವೀರಮ್ಮ ನಕ್ಕರು ಕೂಡ. ಬಾಲರಾಜ್ ನಗಲಿಲ್ಲ. ತಲೆಯಿಂದ ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ.

"ತಾತ ಅಂದಿದ್ದು ಛಲೋ ಆತು. ನಾನೂ ಅದ ಅನ್ಕೊಂಡಿದ್ದೆ."

"ಏನಂತ?" ಅಂದಳು ರಜಿನಿ.

"ಈಗ ಹೂಂ ಅಂದ್ರಾತು, ವರ್ಷಾದ್ಮ್ಯಾಲ ನೀನ ಬಿಡ್ತಿ ಅಂತ."

"ಈಗರ ಆ ಕಟ್ಟಿ ಮ್ಯಾಲ ಕುಂತು ಬಸ್ ಪಾಸ್ ನಾನ ಮಾಡಸ್ತೀನಿ ಅಂದ್ರಲ್ಲ?"

"ಅಂದೆ. ಸಿಟ್ಟಾಗಬ್ಯಾಡ. ಮನಿಯಾಗ ಅವ್ವ ಒಬ್ಬಾಕಿ ಅದಾಳ..."

"ಅದನ್ನ ಅಲ್ಲೇ ಅಂದಿದ್ರ ಕುಂತು ಮಾತಾಡ್ತಿದ್ವಿ," ಅಂದಳು. ದನಿ ಏರಲಿಲ್ಲ. ದುಪ್ಪಟ್ಟದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬೆರಳು ಬೆಳ್ಳಗಾಗಿತ್ತು.

ನಾನು ಎದ್ದು ನಿಂತೆ. ಅಪ್ಪಾ, ನಾನು ಹೇಳಿದ್ದು ಸುಳ್ಳು, ಅವಳು ಬಿಡುವುದಿಲ್ಲ, ಬಿಡಿಸುವ ಶಕ್ತಿ ನನಗಿಲ್ಲ ಅಂದೆ. ಜನ್ಮದಲ್ಲಿ ಮೊದಲ ಸಲ ನನ್ನ ದನಿ ಸಣ್ಣಗೆ ಬಂತು. ಯಾರಿಗೂ ಕೇಳಿಸಲಿಲ್ಲ.

ಗೇಟಿನಲ್ಲಿ ನಿಜವಾದ ಮಲ್ಲೇಶ್ವರಿ ಪಾಲಿಸ್ಟರ್ ಸೀರೆ ಉಟ್ಟು ಜೋಗಮ್ಮನ ಕೈ ಹಿಡಿದು ನಿಂತಿದ್ದರು. ಇಬ್ಬರ ಮಾತು ಮದುವೆ ಯಾವ ತಿಂಗಳು ಅನ್ನುವವರೆಗೆ ಬಂದಿತ್ತು. ರಜಿನಿ ಅವರ ಕಾಲು ಮುಟ್ಟಿದಳು.

"ಅಮ್ಮಾರ, ನಾವಿಬ್ರೂ ಮಾತಾಡಿದ್ವಿ. ಇದು ಆಗಂಗಿಲ್ಲ. ನಿಮ್ಮದೇನೂ ತಪ್ಪಿಲ್ಲ."

ವಾಪಸು ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಳು. ಜೋಗಮ್ಮ, "ಮೊದಲ ಗೊತ್ತಾಗಿದ್ದು ಒಂದು ಲೆಕ್ಕಕ್ಕ ಛಲೋ ಆತು," ಅಂದಳು. ನಾನು ಅದನ್ನು ಹಿಡಿದುಕೊಂಡೆ.

"ನೋಡವ್ವ, ನನ್ನಿಂದ ಗೊತ್ತಾತು."

"ತಾತಾ, ಇದರಾಗ ನೀ ಹೆಸರು ಗಳಸಬ್ಯಾಡ. ಅಂವ ನನಗ ಮನಸಿಗಿ ಬಂದಿದ್ದ." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಕೆಲಸ ಬಿಡಸ್ತೀನಿ ಅಂತ ಇನ್ನ ಎಲ್ಲೆಲ್ಲಿ ಅಂದೀ?"

ನಾನು ಮಕ್ತಲ್ ಬರುವವರೆಗೆ ಬೆರಳು ಮಡಚಿ ಎಣಿಸಿದೆ. ಸಂಬಂಧ ತರುವ ಕಿಷ್ಟಪ್ಪನಿಗೆ ಅಂದಿದ್ದೆ. ಗಟ್ಟು ಊರಿನ ಬೀಗರಿಗೆ ಅಂದಿದ್ದೆ. ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಅಂದಿದ್ದೆ, ಅಂದರೆ ಆ ಪಂಕ್ತಿಗೆಲ್ಲ ಕೇಳಿಸಿರುತ್ತದೆ.

"ಅಷ್ಟೂ ಕಡೆ ಹೋಗಿ ಅದು ಸುಳ್ಳು ಅಂತ ಹೇಳಿ ಬಾ," ಅಂದಳು.

ಮೊಣಕಾಲು ಅಷ್ಟು ದೂರ ಬರುವುದಿಲ್ಲ, ಅದಕ್ಕೇ ಈ ರೆಕಾರ್ಡು. ಕಿಷ್ಟಪ್ಪನಿಗೆ ಕಳಿಸಿ, ಗಟ್ಟಿನವರಿಗೆ ಕಳಿಸಿ, ನಾನು ಯಾರ ಮುಂದೆ ಆ ಮಾತು ಆಡಿದ್ದೆ ಅಂತ ನಿಮಗೆ ಗೊತ್ತೋ ಅವರಿಗೆಲ್ಲ ಕಳಿಸಿ. ಧೋತರದ ಭಾಗ ಕತ್ತರಿಸಬೇಡಿ, ಅದಕ್ಕಾಗಿಯಾದರೂ ಪೂರ್ತಿ ಕೇಳುತ್ತಾರೆ. ರಜಿನಿ ಕೆಲಸ ಬಿಡುವುದಿಲ್ಲ. ಹಾಗಿದ್ದರೂ ಬರುತ್ತೇವೆ ಅನ್ನುವವರು ಅವಳಿಗೇ ಫೋನ್ ಮಾಡಲಿ, ನನಗೆ ಬೇಡ.