ಇಗರ್ಜಿಯ ಹತ್ತಿರ ಎಡಕ್ಕೆ

ಅತಿಥಿಯಾಗಿ ಬಂದಿದ್ದ ಎಡ್ವಿಜ್ ಸೈಕಲ್ ಹತ್ತಿ ಹೊರಟು ಎರಡು ಗಂಟೆಯಾಗುತ್ತ ಬಂದಿತ್ತು. ಅವಳು ಕಾಫಿ ಕುಡಿದಿಟ್ಟ ಬಟ್ಟಲು ಇನ್ನೂ ಮೇಜಿನ ಮೇಲೆಯೇ ಇತ್ತು. ಸೋಲಾಂಜ್ ಅದನ್ನು ತೊಳೆಯಲು ಎತ್ತಿಕೊಳ್ಳುವಾಗ ಆನ್ಸೆಲ್ಮ್ ಹಿತ್ತಲ ಬಾಗಿಲನ್ನು ಹೆಗಲಿನಿಂದ ತಳ್ಳಿಕೊಂಡು ಒಳಗೆ ಬಂದ. ಮೇಲಿನ ಹುಲ್ಲುಗಾವಲಿನಲ್ಲಿ ದನ ಕಾಯುವ ಮುದುಕ. ವಾರಕ್ಕೊಮ್ಮೆ ಅವಳ ವಸತಿಮನೆಗೆ ಚೀಸ್ ತಂದುಕೊಡುತ್ತಿದ್ದ.

"ತಗೋ. ನಿನ್ನ ಸೈಕಲ್ ಜನಕ್ಕೆ ಚೆನ್ನಾಗಿ ತಿನ್ನಿಸು. ಒಬ್ಬರ ಮೈಮೇಲೂ ಒಂದು ಹಿಡಿ ಮಾಂಸ ಇಲ್ಲ."

"ಬೂಟ್ಸು ಹೊರಗೆ ಬಿಡು ಅಂತ ಎಷ್ಟು ಸಲ ಹೇಳೋದು?"

"ಬಿಟ್ಟಿದ್ದೆ ಹೋದ ವಾರ. ವಾಸನೆ ತಡೀಲಾರದೆ ನೀನೇ ಹಾಕ್ಕೋ ಅಂದೆ." ಅವನು ಕುರ್ಚಿ ಎಳೆದುಕೊಂಡು ಕೂತ. "ಅಂದ ಹಾಗೆ ಆ ಹಳದಿ ಅಂಗಿಯವಳು ನಿನ್ನ ಮನೇಲಿ ಇಳಕೊಂಡಿರೋಳೇ ತಾನೇ? ಬರ್ತಾ ನೋಡ್ದೆ. ಹೊಸದರ ಹತ್ರ ಸೈಕಲ್ ಹೆಗಲಿಗೇರಿಸ್ಕೊಂಡು ದಾರಿಗೆ ಹಾಕಿರೋ ಅಡ್ಡಗಂಬ ದಾಟ್ತಿದ್ಲು. ಹೋಯ್ ಅಂತ ಕೂಗಿದ್ರೆ ನಂಗೆ ಕೈ ಬೀಸಿದ್ಲು! ಈ ಮುಖಕ್ಕೂ ಒಂದು ಬೆಲೆ ಇದೆ ನೋಡು."

ಸೋಲಾಂಜ್ ನಕ್ಕಳು. ನಗು ಅರ್ಧದಲ್ಲೇ ನಿಂತಿತು.

"ಎಲ್ಲಿ ಅಂದೆ?"

"ಹೊಸದರ ಹತ್ರ."

"ಇಗರ್ಜಿ ಹತ್ರ ಅಲ್ವಾ?"

"ಇಗರ್ಜಿ ಯಾವುದು, ಹೊಸದು ಯಾವುದು ಅಂತ ನಂಗೆ ನೀನು ಹೇಳಿಕೊಡ್ತೀಯೇನೇ?"

ಅವಳ ಕೈಯಲ್ಲಿದ್ದ ಬಟ್ಟಲು ತೊಟ್ಟಿಯೊಳಗೆ ಜಾರಿತು.

ಮೊಂಟ್‌ಫ್ರೇಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೋಲಾಂಜ್ ಆರು ವರ್ಷದವಳಿದ್ದಾಗ ಹಿಮ ಕುಸಿದು ಇಗರ್ಜಿಯನ್ನು ಗಂಟೆಯ ಸಮೇತ ಕೊಚ್ಚಿಕೊಂಡು ಹೋಗಿತ್ತು. ಉಳಿದದ್ದು ಒಂದು ಕಲ್ಲಿನ ಮೆಟ್ಟಿಲು ಮಾತ್ರ. ಎರಡು ವರ್ಷದ ಮೇಲೆ ಎರಡು ಕಿಲೋಮೀಟರು ಕೆಳಗೆ, ಹಿಮ ತಲುಪದ ಜಾಗದಲ್ಲಿ ಮತ್ತೊಂದನ್ನು ಕಟ್ಟಿದರು. ಅದಕ್ಕೆ ನೀಲಿ ಬಾಗಿಲಿದೆ, ಗಂಟೆಯಿದೆ, ಒಳಗೆ ಮೇಣದಬತ್ತಿ ಉರಿಯುತ್ತದೆ. ಆದರೂ ಐವತ್ತು ವರ್ಷದಿಂದ ಊರಿನವರು ಅದನ್ನು "ಹೊಸದು" ಎಂದೇ ಕರೆಯುತ್ತಾರೆ. ಇಗರ್ಜಿ ಎಂದರೆ ಮೇಲಿನ ತಿರುವು. ಹುಲ್ಲು ಬೆಳೆದ ಒಂದು ಮೆಟ್ಟಿಲು, ಅದರ ಸುತ್ತ ಗಾಳಿ.

ಎಡ್ವಿಜ್ ಈ ಊರಿನವಳಲ್ಲ.

ಹಿಂದಿನ ಸಂಜೆ ಅವಳು ಇದೇ ಮೇಜಿನ ಮುಂದೆ ಕೂತಿದ್ದಳು. ಅರವತ್ತರ ಹೆಂಗಸು, ಚಳಿಗಾಲದಲ್ಲಿ ಗಂಡನನ್ನು ಕಳೆದುಕೊಂಡಿದ್ದಳು. ಮೂವತ್ತು ವರ್ಷ ಇಬ್ಬರೂ ಜೊತೆಯಾಗಿ ಸೈಕಲ್ ಮೇಲೆ ಬೆಟ್ಟ ಹತ್ತಿದವರು. "ಅವರು ಯಾವಾಗಲೂ ಮುಂದೆ. ನಾನು ಅವರ ಬೆನ್ನು ನೋಡ್ಕೊಂಡು ಹೋಗ್ತಿದ್ದೆ. ದಾರಿ ಹೇಗಿದೆ ಅಂತ ನೋಡಿದ್ದೇ ಇಲ್ಲ," ಎಂದಿದ್ದಳು. ಸೋಲಾಂಜ್ ಅತಿಥಿಗಳಿಗೆ ದಾರಿ ಬರೆದುಕೊಡುವವಳು. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಏರು ಕಡಿದಾಗುತ್ತದೆ, ಎಲ್ಲಿ ನಾಯಿ ಬೊಗಳಿದರೂ ಕಚ್ಚುವುದಿಲ್ಲ, ಎಲ್ಲ ಅವಳ ಚೀಟಿಯಲ್ಲಿರುತ್ತಿತ್ತು. ಆ ಹೆಂಗಸಿಗಾಗಿ ಕತ್ತೆಬೆನ್ನು ಬೆಟ್ಟದ ಸುತ್ತಿನ ದಾರಿಯನ್ನು ಹೊಸದಾಗಿ ಕೈಯಲ್ಲೇ ಬರೆದಳು. ಇಗರ್ಜಿಯ ಹತ್ತಿರ ಎಡಕ್ಕೆ. ಅಡ್ಡಗಂಬ ಇರುತ್ತದೆ, ಅದು ಕಾರುಗಳಿಗೆ, ನೀವು ದಾಟಿ ಹೋಗಿ. ಅಲ್ಲಿಂದ ಅಣೆಕಟ್ಟಿನವರೆಗೆ ನುಣುಪು ಇಳಿಜಾರು. ಬ್ರೇಕ್ ಮುಟ್ಟಬೇಡಿ. ಬಿಟ್ಟುಬಿಡಿ.

ಕೊನೆಯ ಎರಡು ಮಾತುಗಳ ಕೆಳಗೆ ಗೆರೆಯನ್ನೂ ಎಳೆದಿದ್ದಳು.

ಹೊಸದರ ಹತ್ತಿರವೂ ಎಡಕ್ಕೊಂದು ದಾರಿಯಿತ್ತು. ಅಲ್ಲೂ ಅಡ್ಡಗಂಬವಿತ್ತು. ಮರ ಸಾಗಿಸುವ ಲಾರಿಗಳಿಗೆಂದು ಹಾಕಿದ ಡಾಂಬರು, ನಾಲ್ಕು ಕಿಲೋಮೀಟರು ಕಾಡಿನೊಳಗೆ ನೇರ ಇಳಿಯುತ್ತಿತ್ತು. ಕೊನೆಗೆ ಆಚೆ ಏನೂ ಕಾಣದ ಒಂದು ತಿರುವು, ಅದನ್ನು ದಾಟಿದರೆ ಸೇತುವೆ. ಆ ಸೇತುವೆಯನ್ನು ಮೇ ತಿಂಗಳ ನೆರೆ ಎಳೆದುಕೊಂಡು ಹೋಗಿತ್ತು.

"ಎಷ್ಟೊತ್ತಾಯ್ತು ನೀನು ನೋಡಿ?"

"ಇಪ್ಪತ್ತು ನಿಮಿಷ... ಇಪ್ಪತ್ತೈದು." ಆನ್ಸೆಲ್ಮ್ ಅವಳ ಮುಖ ನೋಡಿದ. ಅವನಿಗೂ ಹೊಳೆಯಿತು. "ಅಯ್ಯೋ ದೇವರೇ."

ಎಡ್ವಿಜ್‌ಳ ಫೋನಿಗೆ ಕರೆ ಹೋಗಲಿಲ್ಲ. ಆ ಕಾಡಿನೊಳಗೆ ಯಾರ ಫೋನಿಗೂ ಹೋಗುವುದಿಲ್ಲ. ಕೆಳಗಿನ ಪೇಟೆಯ ರಕ್ಷಣಾದಳದವರು ಬೇರೆ ಕಡೆ ಹೋಗಿದ್ದರು, ಬರಲು ಎರಡೂವರೆ ಗಂಟೆಯಾದರೂ ಬೇಕು ಎಂದರು. ಅಡ್ಡಗಂಬದ ಬೀಗದ ಕೈಯೂ ಪೇಟೆಯಲ್ಲೇ.

"ಕಂಬದವರೆಗೆ ನನ್ನ ವ್ಯಾನು. ಆಮೇಲೆ ನಡೀಬೇಕು," ಎಂದ ಆನ್ಸೆಲ್ಮ್. "ನನ್ನ ಮೊಣಕಾಲು ನಾಲ್ಕು ಕಿಲೋಮೀಟರು ಬರಲ್ಲ ಕಣೇ."

ಸೋಲಾಂಜ್ ಕೊಟ್ಟಿಗೆಗೆ ಓಡಿದಳು. ಗೋಡೆಯ ಕೊಕ್ಕೆಯಲ್ಲಿ ಅವಳ ಸೈಕಲ್ ನೇತಾಡುತ್ತಿತ್ತು. ಒಂಬತ್ತು ವರ್ಷದ ಧೂಳು. ಅದನ್ನು ಇಳಿಸಿ ಚಕ್ರಕ್ಕೆ ಗಾಳಿ ತುಂಬಿದಳು.

"ನಿನ್ನ ಹೆಗಲು?" ಬಾಗಿಲಲ್ಲಿ ನಿಂತು ಆನ್ಸೆಲ್ಮ್ ಕೇಳಿದ. "ಡಾಕ್ಟರು ಸೈಕಲ್ ಮುಟ್ಟಬೇಡ ಅಂದಿದ್ರಲ್ಲ?"

"ಯಾವ ಡಾಕ್ಟರೂ ಏನೂ ಅಂದಿಲ್ಲ. ಹೆಗಲು ಆ ವರ್ಷವೇ ವಾಸಿಯಾಯ್ತು. ಎತ್ತು ಆ ಕಡೆ."

ಅವನು ಎತ್ತಿದ. ಒಂಬತ್ತು ವರ್ಷ ತನ್ನ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಹೀಗೆ ಎರಡು ಉಸಿರಿನಲ್ಲಿ ಹೊರಗೆ ಬಿದ್ದಿದ್ದು ಅವಳಿಗೆ ವ್ಯಾನಿನಲ್ಲಿ ಕೂತ ಮೇಲೆ ತಿಳಿಯಿತು.

ಒಂಬತ್ತು ವರ್ಷದ ಹಿಂದೆ ಅವಳು ಬಿದ್ದಿದ್ದು, ಆಗಿನ್ನೂ ಬರೀ ಜಲ್ಲಿಯಾಗಿದ್ದ ಕತ್ತೆಬೆನ್ನಿನ ಇಳಿಜಾರಿನಲ್ಲೇ. ಮೂಳೆ ಮುರಿದದ್ದು ಅವಳಿಗೆ ಅಷ್ಟು ನೆನಪಿಲ್ಲ. ನೆನಪಿರುವುದು ಬೀಳುವ ಮುಂಚಿನ ಒಂದು ಕ್ಷಣ. ಬ್ರೇಕ್ ಹಿಡಿದರೂ ರಸ್ತೆ ನಿಲ್ಲದೆ ತನ್ನತ್ತ ಬರುತ್ತಲೇ ಇದ್ದದ್ದು. ಆಮೇಲೆ ಏರುದಾರಿ ನೋಡಿದರೆ ಅವಳಿಗೆ ಆಸೆಯಾಗುತ್ತಿತ್ತು, ಇಳಿಜಾರು ನೋಡಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಹತ್ತಿದವರು ಇಳಿಯಲೇಬೇಕಾದ ಊರು ಇದು. ಹಾಗಾಗಿ ಅವಳು ದಾರಿ ಬರೆಯುವವಳಾದಳು. ತನ್ನಿಂದಾಗದ್ದನ್ನು ಬೇರೆಯವರಿಗೆ ಬರೆದುಕೊಡುತ್ತ ಕೂತಳು. ಬಿಟ್ಟುಬಿಡಿ ಎಂದು ಬರೆಯುವಾಗ ಅವಳ ಬೆರಳಿಗೆ ಎಂಥ ಸುಖವಾಗಿತ್ತು!

ಆ ಸುಖ ನೆನೆದು ಈಗ ಅವಳಿಗೆ ನಾಚಿಕೆಯಾಯಿತು.

ಅಡ್ಡಗಂಬದ ಹತ್ತಿರ ಮೋಡ ಕಾಡಿನೊಳಗಿಂದ ಏರಿ ಬರುತ್ತಿತ್ತು. ಆನ್ಸೆಲ್ಮ್ ಸೈಕಲ್ ದಾಟಿಸಿ ಕೊಟ್ಟ. "ಹುಷಾರು ಮಾರಾಯ್ತಿ. ಒಬ್ಬಳನ್ನ ಹುಡುಕಕ್ಕೆ ಹೋಗಿ ಇಬ್ಬರಾಗೋದು ಬೇಡ."

ಮೊದಲ ನೂರು ಗಜ ಅವಳು ಒಂದು ಕಾಲನ್ನು ನೆಲಕ್ಕೆ ತಾಗಿಸಿಕೊಂಡೇ ಹೋದಳು. ಆಮೇಲೆ ಕಾಲೆತ್ತಬೇಕಾಯಿತು. ಎರಡೂ ಬ್ರೇಕುಗಳು ಕಿರುಚಿದವು. ದಾರಿಯ ಮೇಲೆ ಫರ್ ಮರದ ಸೂಜಿ ಎಲೆಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಮುಂದಿನ ಚಕ್ರ ಒಮ್ಮೆ ಸಣ್ಣಗೆ ಜಾರಿತು. ಅವಳ ಬಾಯಿಂದ ಮಾತಲ್ಲದ ಸದ್ದೊಂದು ಬಂತು.

"ಎಡ್ವಿಜ್!"

ಮೋಡ ಕೂಗನ್ನು ನುಂಗಿಕೊಂಡಿತು.

ರಸ್ತೆಯಂಚಿನಲ್ಲಿ ಏನಾದರೂ ಹಳದಿ ಕಂಡೀತೆಂದು ಹುಡುಕುತ್ತಿದ್ದಳು. ಕಾಣದಿರಲಿ ಎಂದೂ ಬೇಡುತ್ತಿದ್ದಳು. ಬಿಟ್ಟುಬಿಟ್ಟಿದ್ದರೆ ನಾಲ್ಕು ಕಿಲೋಮೀಟರಿಗೆ ಎಷ್ಟು ಹೊತ್ತು? ಐದು ನಿಮಿಷ. ಎಂದೋ ಮುಗಿದುಹೋಗಿರಬೇಕು. ತಾನು ಈಗ ಇಳಿಯುತ್ತಿರುವುದು ಉಳಿಸುವುದಕ್ಕಲ್ಲ, ನೋಡುವುದಕ್ಕೆ. ಗಂಡ ಸತ್ತ ಮೇಲೆ ಮೊದಲ ಸಲ ಒಬ್ಬಳೇ ಹೊರಟವಳು, ಬೆನ್ನು ಕಾಣದೆ ಒಂದು ಚೀಟಿಯನ್ನು ನಂಬಿದವಳು. ಯಾರ ಚೀಟಿ? ಇಳಿಯಲು ಧೈರ್ಯವಿಲ್ಲದವಳ ಚೀಟಿ.

ಬೆರಳುಗಳು ಮರಗಟ್ಟಿದವು. ಸಡಿಲಿಸಿದರೆ ವೇಗ, ಬಿಗಿಹಿಡಿದರೆ ನೋವು. ಅವಳು ನೋವನ್ನೇ ಹಿಡಿದುಕೊಂಡಳು. ಕೆಳಗಿನಿಂದ ನೀರಿನ ಮೊರೆತ ಕೇಳತೊಡಗಿತು.

ಕೊನೆಯ ತಿರುವಿಗೆ ಬರುವಷ್ಟರಲ್ಲಿ ಸೈಕಲೊಂದು ಕಂಡಿತು. ಚರಂಡಿಯ ಪಕ್ಕ ಮಲಗಿತ್ತು. ಅದರ ಹಿಂದಿನ ಚಕ್ರ ಗಾಳಿಗೆ ಅಲ್ಪಸ್ವಲ್ಪ ತಿರುಗುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ.

ಸೋಲಾಂಜ್ ಇಳಿದಳೋ ಬಿದ್ದಳೋ, ಹೇಗೋ ನಿಂತಳು. ತಿರುವಿನಾಚೆ ಡಾಂಬರು ಹತ್ತು ಹೆಜ್ಜೆ ಹೋಗಿ, ಹರಿದ ಬಟ್ಟೆಯ ಅಂಚಿನಂತೆ ಮುಗಿದಿತ್ತು. ಆಚೆ ಬರೀ ಬಿಳಿ ಮೋಡ. ಅದರ ಕೆಳಗೆ ನೀರು. ಆ ಅಂಚಿನವರೆಗೆ ಹೋಗಿ ಬಗ್ಗಿ ನೋಡಬೇಕು. ಅವಳ ಕಾಲು ಮುಂದೆ ಹೋಗಲಿಲ್ಲ.

"ಅಲ್ಲಿಗೆ ಹೋಗ್ಬೇಡಿ!" ಹಿಂದಿನಿಂದ ಯಾರೋ ಕೂಗಿದರು. "ಸೇತುವೆ ಇಲ್ಲ!"

ತಿರುವಿನ ಮೇಲ್ಬದಿಯಲ್ಲಿ, ಮರದ ಬುಡವೊಂದರ ಮೇಲೆ ಎಡ್ವಿಜ್ ಕೂತಿದ್ದಳು. ಬೂಟು ಬಿಚ್ಚಿ ಪಕ್ಕದಲ್ಲಿಟ್ಟಿದ್ದಳು. ಕಾಲುಚೀಲದ ಹಿಮ್ಮಡಿಯಲ್ಲಿ ರಕ್ತ ಒಸರಿತ್ತು.

ಸೋಲಾಂಜ್ ಅವಳ ಬಳಿ ಹೋಗಿ ಅವಳ ಹೆಗಲು, ತೋಳು, ಮುಖ ಮುಟ್ಟಿದಳು. "ಬೂಟು ಯಾಕೆ ಬಿಚ್ಚಿದ್ರಿ?" ಎಂದಳು.

"ನಡೆದೆನಲ್ಲ. ಈ ಸೈಕಲ್ ಬೂಟಲ್ಲಿ ನಡೆಯಕ್ಕಾಗತ್ತಾ? ಹಿಮ್ಮಡಿ ಸುಲಿದು ಹೋಯ್ತು." ಎಡ್ವಿಜ್ ತಲೆ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡಿ ಮದಾಮ್. ನಿಮ್ಮ ಚೀಟೀನ ನಾನು ನಂಬಲಿಲ್ಲ. ಬಿಟ್ಟುಬಿಡಿ ಅಂತ ಬರೆದಿದ್ರಿ, ಚೆನ್ನಾಗಿತ್ತು. ಅರ್ಧ ಕಿಲೋಮೀಟರು ಹೋದ್ರೂ ಕೈ ಬ್ರೇಕ್ ಬಿಡಲೇ ಇಲ್ಲ. ಅತ್ತುಬಿಟ್ಟೆ. ಇಳಿದು ತಳ್ಳಿಕೊಂಡೇ ಬಂದೆ. ಎಷ್ಟು ಹೇಡಿ ಅಂತ ನನ್ನನ್ನೇ ಬೈಕೊಂಡು ಬಂದೆ. ಆಮೇಲೆ ಇದು..." ಅವಳು ಬಿಳಿ ಮೋಡದತ್ತ ಕೈ ತೋರಿಸಿದಳು. "ಮೇಲೆ ಹತ್ತೋಣ ಅಂದ್ರೆ ಕಾಲಲ್ಲಿ ಶಕ್ತಿಯೇ ಇಲ್ಲ."

"ತಪ್ಪು ನಂದು," ಎಂದಳು ಸೋಲಾಂಜ್. "ನಾನು ಬರೆದಿದ್ದು ಈ ದಾರಿ ಅಲ್ಲ. ನಾನು ಬರೆದ ಇಗರ್ಜಿ ಈಗ ಇಲ್ಲ."

ಎಡ್ವಿಜ್‌ಗೆ ಅರ್ಥವಾಗಲಿಲ್ಲ. ಸೋಲಾಂಜ್ ಕೂತು ಎಲ್ಲವನ್ನೂ ಹೇಳಿದಳು. ಹಿಮ, ಮೆಟ್ಟಿಲು, ಹೊಸದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಒಂಬತ್ತು ವರ್ಷದ್ದನ್ನೂ ಹೇಳಿದಳು.

"ಹಾಗಾದ್ರೆ ಈಗ ನೀವು ಹೇಗೆ ಬಂದ್ರಿ?"

ಸೋಲಾಂಜ್ ಕೈ ಮುಂದೆ ಚಾಚಿದಳು. ಬೆರಳುಗಳು ಬ್ರೇಕ್ ಹಿಡಿದಂತೆಯೇ ಮಡಚಿಕೊಂಡಿದ್ದವು, ಬಿಡಿಸಿಕೊಳ್ಳಲಿಲ್ಲ. ಎಡ್ವಿಜ್ ನೋಡಿ, ತನ್ನ ಕೈಯನ್ನೂ ಪಕ್ಕಕ್ಕೆ ಹಿಡಿದಳು. ಅದೂ ಹಾಗೆಯೇ ಇತ್ತು. ಇಬ್ಬರಿಗೂ ನಗು ಬಂತು. ಆದರೆ ನೀರಿನ ಸದ್ದು ಕೇಳಿ ಇಬ್ಬರೂ ಬೇಗ ಎದ್ದು ನಿಂತರು.

ಒಣಗಿದ ಕೊಂಬೆಗಳನ್ನೆಳೆದು ದಾರಿಗೆ ಅಡ್ಡ ಹಾಕಿದರು. ನಿಂತು ನಿಂತು, ಸೈಕಲ್‌ಗಳನ್ನು ತಳ್ಳುತ್ತ ಹತ್ತಿದರು. ಅಡ್ಡಗಂಬದ ಹತ್ತಿರ ಆನ್ಸೆಲ್ಮ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಇಬ್ಬರನ್ನೂ ಕಂಡು ಟೋಪಿ ತಲೆಗಿಟ್ಟ. ಕಣ್ಣೊರೆಸಿಕೊಂಡಿದ್ದು ಕಾಣದಿರಲಿ ಎಂದು ಜೋರಾಗಿ, "ಮದಾಮ್, ಇನ್ನು ಮೇಲೆ ನಾನು ಹೋಯ್ ಅಂದ್ರೆ ಕೈ ಬೀಸಬೇಡಿ, ನಿಂತುಬಿಡಿ!" ಎಂದ.

ರಕ್ಷಣಾದಳದವರಿಗೆ ಫೋನು ಮಾಡಲು ಅವನು ತಿರುಗಿದ. "ಹೊಸದರ ಹತ್ರ ಇದ್ದೀವಿ, ಇಬ್ಬರೂ ಸಿಕ್ಕಿದ್ರು ಅಂತ ಹೇಳ್ತೀನಿ."

"ಹೊಸದು ಅನ್ಬೇಡ," ಎಂದಳು ಸೋಲಾಂಜ್. "ಇಗರ್ಜಿ ಅನ್ನು."

"ಇದು ಇಗರ್ಜಿ ಆದ್ರೆ ಮೇಲಿರೋದು?"

ಅವಳ ಅಮ್ಮನ ಮದುವೆ ಅಲ್ಲಿ ಆಗಿತ್ತು. ಅವಳಿಗೆ ಹೆಸರಿಟ್ಟಿದ್ದು ಅಲ್ಲಿ. ಮಡಚಿಕೊಂಡ ಬೆರಳುಗಳನ್ನು ಅವಳು ಇನ್ನೊಂದು ಕೈಯಿಂದ ಒಂದೊಂದಾಗಿ ಬಿಡಿಸಿದಳು.

"ತಿರುವು," ಎಂದಳು. "ಅಲ್ಲಿರೋದು ಬರೀ ತಿರುವು."