ಎಲೆಹುಳಕ್ಕೆ ಅಜ್ಜಿಯ ಹೆಸರು

"ವೆನಿಂಗ್, ನಿನ್ನ ಹುಳಕ್ಕೆ ಆಗ್ಲೇ ಹೆಂಡ್ತಿ ಇದಾಳೆ ಕಣೇ. ನೂರು ವರ್ಷದಿಂದ ಇದಾಳೆ. ಅವಳಿಗೆ ಹೆಸರೂ ಇದೆ."

ಸೆನೊ ಇದನ್ನು ಹೇಳಿದ್ದು ಜಾವಾ ದ್ವೀಪದ ಜೋಗ್ಯ ಊರಿನ ಕಾಲೇಜು ಕ್ಯಾಂಟೀನಿನಲ್ಲಿ, ವೆನಿಂಗ್ ಕರಿದ ಸೋಯಾ ಬಿಲ್ಲೆ ತೆಂಪೆಯನ್ನು ಖಾರದ ಚಟ್ನಿಗೆ ಅದ್ದುತ್ತಿದ್ದಾಗ. ತೆಂಪೆ ಚಟ್ನಿಯಲ್ಲೇ ಮುಳುಗಿತು.

ಇಬ್ಬರೂ ಒಂದೇ ಕೀಟಶಾಸ್ತ್ರದ ಲ್ಯಾಬಿನವರು. ಸೆನೊ ಬಲೆಪೆಟ್ಟಿಗೆಯಲ್ಲಿ ಪೇರಲೆ ಸೊಪ್ಪು ಹಾಕಿ ಹಸಿರೆಲೆಯಂತೆಯೇ ಕಾಣುವ ಒಂದು ದಪ್ಪ ಎಲೆಹುಳವನ್ನು ಸಾಕಿದ್ದ. ಅದು ಹೆಣ್ಣು. ಡಚ್ಚರ ಕಾಲದಲ್ಲೇ ಯಾವನೋ ಸಕ್ಕರೆ ಕಾರ್ಖಾನೆ ಯಜಮಾನನ ಹೆಸರು ಹೊತ್ತು ಪುಸ್ತಕ ಸೇರಿದ್ದ ಜಾತಿ. ಅದರ ಮೊಟ್ಟೆಯೊಡೆದು ಬೆಳೆದ ಮರಿಗಳಲ್ಲಿ ಅರ್ಧ ತಾಯಿಯ ಹಾಗೆ ಅಗಲ ಎಲೆ. ಉಳಿದವು ಸಣಕಲು ಗಂಡುಗಳು, ಉದ್ದ ಮೀಸೆ, ಗಾಜಿನಂಥ ರೆಕ್ಕೆ. ಥೇಟು ವೆನಿಂಗ್ "ಜಗತ್ತಿಗೇ ಹೊಸದು" ಎಂದು ಮೆರೆಸುತ್ತಿದ್ದ ಹುಳ. ಮೆರಾಪಿ ಬೆಟ್ಟದ ತಪ್ಪಲಲ್ಲಿ ದೀಪಕ್ಕೆ ಹಾರಿ ಬಂದವನ್ನು ಅವಳು ಹಿಡಿದಿದ್ದಳು. ಹಿಡಿದವೆಲ್ಲ ಗಂಡು. ಇವುಗಳ ಹೆಂಗಸರೆಲ್ಲಿ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದಳೇ? ಮದುವೆಮನೆಗೆ ಹೋಗಿ ವರನನ್ನಷ್ಟೇ ನೋಡಿ, ಇದು ಬೇರೆಯೇ ಪ್ರಾಣಿ ಎಂದು ಡಂಗುರ ಹೊಡೆದ ಜಾಣೆ ಅವಳು.

ಮೊದಲು ಇಟ್ಟ ಹೆಸರಿಗೇ ಪಟ್ಟ, ಅದು ಈ ವಿದ್ಯೆಯ ಕಾನೂನು. ಗುರುಗಳಾದ ಇಬು ಅಂಬರ್ ಮಾತ್ರ ಬೈಯಲಿಲ್ಲ, ನಕ್ಕರು. ಪ್ರಬಂಧ ಇನ್ನೂ ಕಳಿಸಿಲ್ಲವಲ್ಲ, "ಹಳೇ ಜಾತಿಯ ಗಂಡು ಸಿಕ್ಕಿತು" ಎಂದು ತಿದ್ದಿ, ಸೆನೊನನ್ನೂ ಸೇರಿಸಿಕೊ ಎಂದರು. ಅಲ್ಲಿಗೆ ವಿಜ್ಞಾನದ ಕಷ್ಟ ತೀರಿತು. ಉಳಿದದ್ದು ಅಜ್ಜಿ.

ಹೊಸ ಜಾತಿಗೆ ವೆನಿಂಗ್ ಆರಿಸಿದ್ದ ಹೆಸರು ಅಜ್ಜಿಯದು. ಅಜ್ಜಿ ಸುಪ್ರಾಪ್ತಿ, ಮನೆಮಂದಿಗೆಲ್ಲ ಎಯಾಂಗ್. ರಂಜಾನ್ ಹಬ್ಬದ ದಿನ ಅವರ ಮಂಡಿಗೆ ಹಣೆ ಹಚ್ಚಿ ಆಶೀರ್ವಾದ ಬೇಡುವಾಗ ಇವಳು ಬಾಯಿ ಕಟ್ಟಿಕೊಳ್ಳದೆ ಹೇಳಿಬಿಟ್ಟಿದ್ದಳು. ಸಾಲದ್ದಕ್ಕೆ ಲ್ಯಾಟಿನ್ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದಳು. ಎಯಾಂಗ್ ಅದಕ್ಕೆ ಕಟ್ಟು ಹಾಕಿಸಿ ತಾತನ ಫೋಟೊ ಪಕ್ಕ ತೂಗುಹಾಕಿದರು, ಹಳದಿ ಅನ್ನವನ್ನು ಗೋಪುರದ ಹಾಗೆ ಕಟ್ಟಿ ಇಡೀ ಓಣಿಗೆ ಹಂಚಿದರು. ಈಗ ತರಕಾರಿಯವಳೂ ಅವರನ್ನು ಹುಳದಜ್ಜಿ ಎನ್ನುತ್ತಾಳೆ, ಅವರು ಹಿಗ್ಗಿ ಒಂದು ಕಟ್ಟು ಸೊಪ್ಪು ಜಾಸ್ತಿ ಕೊಳ್ಳುತ್ತಾರೆ.

ಸಂಜೆ ಸ್ಕೂಟರಿನಲ್ಲಿ ಹೋಗುವಾಗ ವೆನಿಂಗ್ ಹೆಲ್ಮೆಟ್ಟಿನೊಳಗೆ ಭಾಷಣ ಒಪ್ಪಿಸಿದಳು. ವಿಜ್ಞಾನದಲ್ಲಿ ತಪ್ಪುವುದೂ ಒಂದು ಸಾಧನೆ ಎಂಬ ಸಾಲು ಚೆನ್ನಾಗಿ ಕೂತಿತ್ತು. ಎಯಾಂಗರ ಮುಂದೆ ಕೂತ ಕೂಡಲೇ ಅದೂ ಹಾರಿಹೋಗಿ, ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದಳು.

ಎಯಾಂಗ್ ಎದ್ದು ಗೋಡೆಯ ಕಟ್ಟನ್ನು ಇಳಿಸಿದರು. ಸೆರಗಿನಿಂದ ಗಾಜು ಒರೆಸಿದರು, ಒರೆಸುತ್ತಲೇ ಇದ್ದರು. ವೆನಿಂಗ್‌ಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

"ಹುಳ ಚೆನ್ನಾಗಿದ್ಯಾ?" ಕೊನೆಗೆ ಕೇಳಿದರು.

"ಸತ್ತು ವರ್ಷ ಆಯ್ತು ಎಯಾಂಗ್. ಸೂಜಿಗೆ ಚುಚ್ಚಿಟ್ಟಿದೀನಿ."

"ಅದೇ ಮತ್ತೆ. ಹೆಸರು ಭಾರ ಆಗಿದೆ ಅದಕ್ಕೆ."

ಈ ಮಾತು ವೆನಿಂಗ್‌ಗೆ ಹೊಸದಲ್ಲ. ಅವಳು ಹುಟ್ಟಿದಾಗ ಅಪ್ಪ ಇಟ್ಟಿದ್ದ ಹೆಸರು ರೆತ್ನಾನಿಂಗ್ ಜಗದ್, ಜಗತ್ತಿನ ರತ್ನ. ರತ್ನಕ್ಕೆ ವಾರಕ್ಕೊಮ್ಮೆ ಜ್ವರ. ಕೂಸಿಗೆ ಹೆಸರು ಹೊರಲಾಗುತ್ತಿಲ್ಲ ಎಂದು ಎಯಾಂಗೇ ಪದ್ಧತಿಯಂತೆ ಕೆಂಪು ಗಂಜಿ, ಬಿಳಿ ಗಂಜಿ ಮಾಡಿ, ನೆರೆಯವರನ್ನು ಕರೆದು, ವೆನಿಂಗ್ ಎಂದು ಬದಲಿಸಿದ್ದರು. ತಿಳಿನೀರಿನಷ್ಟು ಹಗುರ. ಜ್ವರ ಬಿಟ್ಟಿತು. ಪರರ ಹೆಸರು ತಿದ್ದುವ ವಿದ್ಯೆಗೆ ಬಂದವಳು ಸ್ವತಃ ಒಂದು ತಿದ್ದುಪಡಿ.

"ನನ್ನ ಹೆಸರು ಅಂದ್ರೆ ಸಾಮಾನ್ಯನಾ, ಪಾಪ, ಅದು ಹೆಂಗೆ ತಡ್ಕೊಳ್ಳತ್ತೆ," ಎಂದರು ಎಯಾಂಗ್. "ಆ ಸಕ್ಕರೆಯವನದು ಹಗುರ ಇರ್ಬೇಕು. ನೂರು ವರ್ಷದಿಂದ ಹೊತ್ಕೊಂಡು ಓಡಾಡ್ತಿವೆ."

ಆಮೇಲೆ ಹುಳಕ್ಕೂ ಹೆಸರು ಬದಲಿಸುವ ಗಂಜಿಯ ಏರ್ಪಾಟು ಶುರುವಾಯಿತು. ತಾಳೆಬೆಲ್ಲ ಮನೆಯಲ್ಲಿದೆ, ತೆಂಗಿನಹಾಲು ಬೆಳಿಗ್ಗೆ ಹಿಂಡಿದರಾಯಿತು. ಹಳದಿ ಅನ್ನ ತಿಂದವರೆಲ್ಲ ಗಂಜಿಗೂ ಬರಬೇಕು, ನಾಲ್ಕು ಜನಕ್ಕೆ ಹೇಳದೆ ಹೆಸರು ಬದಲಾಗುವುದಿಲ್ಲ. ಹೇಳುವವರು ಯಾರು ಎಂದು ವೆನಿಂಗ್ ಮೆಲ್ಲಗೆ ಕೇಳಿದಳು.

"ಇಟ್ಟೋಳು ನೀನು. ಇನ್ಯಾರು ಹೇಳ್ತಾರೆ ಪುಟ್ಟಿ?"

ಇಡೀ ಓಣಿಯ ಮುಂದೆ, ತರಕಾರಿಯವಳ ಮುಂದೆ. ವೆನಿಂಗ್ ಒಪ್ಪಿ ತಲೆ ಆಡಿಸಿದಳು. ಎಯಾಂಗ್ ಕಟ್ಟನ್ನು ಮತ್ತೆ ಮೊಳೆಗೆ ಹಾಕಿದರು. ನಾಳೆವರೆಗೆ ಇರಲಿ ಎಂದರು.

ಅಂಗಳಕ್ಕೆ ಬಂದು ವೆನಿಂಗ್ ಸೆನೊಗೆ ಫೋನು ಮಾಡಿದಳು.

"ನಾಳೆ ಬೆಳಿಗ್ಗೆ ನಮ್ಮಜ್ಜಿ ಮನೆಗೆ ಬಾ. ಹುಳದ ಹೆಂಡ್ತೀನ ಪೆಟ್ಟಿಗೆ ಸಮೇತ ತಗೊಂಡು ಬಾ. ನೀನು ಹೆಣ್ಣಿನ ಕಡೆಯವನಂತೆ, ಮುಂದಿನ ಚಾಪೆ ಮೇಲೆ ಕೂರಿಸ್ತಾರಂತೆ."

"ಬಾಟಿಕ್ ಅಂಗಿ ಹಾಕ್ಕೋಬೇಕಾ?"

"ಇಸ್ತ್ರಿ ಮಾಡಿ ಹಾಕ್ಕೋ. ಏಳು ಗಂಟೆಗೆ."